ಗುಡ್ಡದ ಬಳ್ಳಿ, ಹಿತ್ತಲ ಬಳ್ಳಿ

ಕಿರಿಯರು: ಮಾಸ್ತರರೇ, ಯುಗಾದಿಗೆ ಮುನ್ನ ದೂರದ ಒಂದು ನರ್ಸರಿಯಿಂದ ತರಿಸಿದ ಹೋಯಾ ಬಳ್ಳಿಯು, ಚಿತ್ರದಲ್ಲಿ ಕಂಡಾಗ ದಪ್ಪನೆಯ ನುಣುಪಾದ ಎಲೆಗಳ ನಡುವೆ ಮೇಣದ ಹೂಗಳ ಗೊಂಚಲನ್ನು ಇಳಿಬಿಟ್ಟುಕೊಂಡು ನನ್ನನ್ನು ಮರುಳುಗೊಳಿಸಿದ ಆ ಬಳ್ಳಿಯೇ, ನಮ್ಮ ಮನೆಗೆ ಬಂದ ಮೇಲೆ ಬೇಸಗೆಯಲ್ಲಿ ಸುಕ್ಕಾಗಿ, ಈಗ ಭಾದ್ರಪದದ ಮಳೆಯಲ್ಲಿ ಬುಡ ಕಪ್ಪಾಗಿ, ದಿನಕ್ಕೊಂದು ಎಲೆಯನ್ನು ಉದುರಿಸುತ್ತ ನಿಂತಿದೆ. ಬಿಸಿಲನ್ನೂ ಒಲ್ಲದ, ನೀರನ್ನೂ ಒಲ್ಲದ ಗಿಡಕ್ಕೆ ಮನುಷ್ಯನು ಮಾಡಬಹುದಾದ ಉಪಚಾರವಾದರೂ ಯಾವುದು?

ಹಿರಿಯರು: ಯಾವ ಮಣ್ಣಿನಲ್ಲಿ ನೆಟ್ಟಿದ್ದೀ, ತಮ್ಮಾ?

ಕಿರಿಯರು: ನಮ್ಮದೇ ಹೊಲದ ಎರೆಮಣ್ಣಿನಲ್ಲಿ. ಹಿಂಗಾರಿಯ ಜೋಳವನ್ನೂ ಕಡಲೆಯನ್ನೂ ಮೇಲೊಂದು ಮಳೆ ಬೀಳದಿದ್ದರೂ ತೆನೆಗೆ ತಂದು ನಿಲ್ಲಿಸುವ ಮಣ್ಣು ಒಂದು ಬಳ್ಳಿಯನ್ನು ಸಾಕಲಾರದೇ ಎಂದುಕೊಂಡೆ.

ಹಿರಿಯರು: ಜೋಳಕ್ಕೆ ಗುಣವಾದುದು ಹೋಯಾಕ್ಕೆ ಅವಗುಣವಾಯಿತು. ನಮ್ಮೂರು ನರೇಗಲ್ಲಿನ ಎರೆಯು ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದರಿಂದಲೇ ನಾವು ಉಣ್ಣುತ್ತಿದ್ದೇವೆ. ಆದರೆ ಹೋಯಾವೆಂಬುದು ನೆಲದ ಸಸ್ಯವಲ್ಲ. ಮಲಯ ದ್ವೀಪಗಳ ಕಾಡುಗಳಲ್ಲಿಯೂ, ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಅದು ಮರದ ಕೊಂಬೆಗಳನ್ನು ಅಪ್ಪಿಕೊಂಡು, ತೊಗಟೆಯ ಬಿರುಕುಗಳಲ್ಲಿ ನಿಂತ ತರಗನ್ನೂ ತೇವವನ್ನೂ ಉಂಡು, ಬೇರುಗಳಿಗೆ ಸದಾ ಗಾಳಿಯಾಡುವಂತೆ ಬದುಕುವಂಥದು. ಅಂಥ ಬೇರನ್ನು ನೀನು ಎರೆಯಲ್ಲಿ ಹೂತರೆ, ಮಳೆಗಾಲದಲ್ಲಿ ಆ ಮಣ್ಣು ಉಬ್ಬಿ ಅದರ ಉಸಿರನ್ನು ಕಟ್ಟುತ್ತದೆ. ಬೇಸಗೆಯಲ್ಲಿ ಬಿರುಕು ಬಿಟ್ಟು ಅದನ್ನು ಹರಿಯುತ್ತದೆ. ತೆಂಗಿನ ನಾರು, ಇದ್ದಿಲು, ಇಟ್ಟಿಗೆಯ ಚೂರು, ಇವಿಷ್ಟರ ಮಿಶ್ರಣದಲ್ಲಿ ಸಣ್ಣ ಕುಂಡವೊಂದರಲ್ಲಿಟ್ಟು, ಉತ್ತರದ ಗೋಡೆಯ ನೆರಳಿನಲ್ಲಿ ತೂಗುಹಾಕಬೇಕಾಗಿತ್ತು. ಸಣ್ಣ ಕುಂಡ ಎಂದುದನ್ನು ಮರೆಯಬೇಡ, ಬೇರು ಇಕ್ಕಟ್ಟಾದಾಗಲೇ ಅದಕ್ಕೆ ಹೂವಿನ ನೆನಪಾಗುವುದು. ಮತ್ತೊಂದು ಮಾತು: ಹೂ ಉದುರಿದ ಮೇಲೆ ಉಳಿಯುವ ಗಿಡ್ಡ ತೊಟ್ಟನ್ನು ಒಣಗಿತೆಂದು ಬಗೆದು ಚಿವುಟುವವರೇ ಬಹಳ, ಮುಂದಿನ ವರ್ಷದ ಗೊಂಚಲು ಮೂಡುವುದು ಅದೇ ತೊಟ್ಟಿನ ತುದಿಯಲ್ಲಿ.

ಕಿರಿಯರು: ನಾನು ಚಿವುಟುವುದಕ್ಕೂ ಅವಕಾಶವಾಗುವಷ್ಟು ಅದು ಬಾಳೀತೆಂದು ತೋರದು. ಇರಲಿ. ಈ ಜಾತಿಯ ಬಳ್ಳಿಗಳಲ್ಲಿ, ಎಂದರೆ ಕಾಂಡವೋ ಎಲೆಯೋ ರಸ ತುಂಬಿ ದಪ್ಪನಾಗಿ, ನೋಡಲು ಅರ್ಧ ಕಳ್ಳಿಯಂತೆ ಅರ್ಧ ಲತೆಯಂತೆ ಇರುವ ಈ ಗಿಡಗಳಲ್ಲಿ, ನನ್ನ ಮನಸ್ಸು ಇಷ್ಟೊಂದು ನೆಟ್ಟಿರುವುದೇಕೆಂದು ನನಗೇ ತಿಳಿಯದು. ನಮ್ಮ ಮನೆಯ ಬ್ರಹ್ಮಕಮಲದಿಂದ ಮೊದಲಾಯಿತೆಂದು ತೋರುತ್ತದೆ. ಮೊಗ್ಗು ಉಬ್ಬಿದ ಸುದ್ದಿ ಸಂಜೆಗೇ ಓಣಿಯಲ್ಲಿ ಹಬ್ಬಿ, ರಾತ್ರಿ ಹತ್ತರ ಹೊತ್ತಿಗೆ ಅಂಗಳದಲ್ಲಿ ಹೆಣ್ಣುಮಕ್ಕಳು ಆರತಿಯ ತಟ್ಟೆ ಹಿಡಿದು ನಿಂತಿರುತ್ತಿದ್ದರು.

ಹಿರಿಯರು: ಆರತಿಯನ್ನು ಬೇಡವೆನ್ನಲಾರೆ, ಹೂವು ಅದಕ್ಕೆ ಅರ್ಹವೇ. ಆದರೆ ಹಿಮಾಲಯದ ಎತ್ತರದಲ್ಲಿ ಅರಳುವ ನಿಜವಾದ ಬ್ರಹ್ಮಕಮಲ ಬೇರೆ, ನಿಮ್ಮ ಅಂಗಳದ್ದು ಮೆಕ್ಸಿಕೋದಿಂದ ಮಧ್ಯ ಅಮೆರಿಕದವರೆಗಿನ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ, ನಮ್ಮ ಪಾಪಾಸುಕಳ್ಳಿಯ ಬಳಗಕ್ಕೆ ಸೇರಿದ ಸಸ್ಯ. ನೀವು ಎಲೆಯೆಂದು ಒರೆಸಿ ನೀರು ಚಿಮುಕಿಸುವುದು ಅದರ ಕಾಂಡವನ್ನು. ಆ ಚಪ್ಪಟೆಯ ಕಾಂಡದ ಅಂಚಿನ ಕಚ್ಚಿನಿಂದ ಮೊಗ್ಗು ಹೊರಟು, ರಾತ್ರಿ ಬಿರಿದು, ಬೆಳಗಾಗುವುದರೊಳಗೆ ಜೋತುಬೀಳುವುದು. ಈಗ ನಮ್ಮ ಸೀಮೆಯಲ್ಲಿಯೂ ಕಲ್ಲುಕಂಬಕ್ಕೆ ಹಬ್ಬಿಸಿ ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣಿನ ಬಳ್ಳಿಯೂ ಇದರ ದಾಯಾದಿಯೇ. ಅದರ ಹೂವೂ ಒಂದೇ ರಾತ್ರಿಯದು. ಅದಕ್ಕೆ ಆರತಿ ಎತ್ತುವವರಿಲ್ಲ, ಏಕೆಂದರೆ ಅದರ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿದೆ.

ಕಿರಿಯರು: ಇವೆಲ್ಲವೂ ಇರುಳಿನಲ್ಲೇ ಏಕೆ ಎಚ್ಚರವಾಗಿರುತ್ತವೆ?

ಹಿರಿಯರು: ಹೂವಿನ ಕಾರಣ ಬೇರೆ, ಇರುಳಿನ ಪತಂಗಗಳಿಗಾಗಿ ಅದು ಕಾಯುತ್ತದೆ. ಆದರೆ ಗಿಡದ ಮೈಯೇ ಇರುಳಿನದು ಎಂಬುದು ಅದಕ್ಕಿಂತ ಸ್ವಾರಸ್ಯದ ಸಂಗತಿ. ಸಾಧಾರಣ ಸಸ್ಯಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಅಂಗಾರಾಮ್ಲವಾಯುವನ್ನು ಒಳಗೆ ಎಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ಒಳಗಿನ ನೀರು ಆವಿಯಾಗಿ ಹೋಗುವುದನ್ನು ತಡೆಯಲಾರವು. ಬ್ರಹ್ಮಕಮಲವೂ, ಮೇಣದ ಹೂವಿನ ಹೋಯಾವೂ, ಇಗೋ ಈ ಗೋಡೆಯ ಮೇಲಿನ ಮಂಗರವಳ್ಳಿಯ ಕಾಂಡವೂ ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು, ತಂಪಾದ ಇರುಳಿನಲ್ಲಿ ರಂಧ್ರಗಳನ್ನು ತೆರೆದು, ಎಳೆದುಕೊಂಡ ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಮರುದಿನದ ಬಿಸಿಲಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ಅದನ್ನು ಸಕ್ಕರೆಯಾಗಿ ಮಾಡಿಕೊಳ್ಳುತ್ತವೆ. ಇದರ ಮೊದಲ ಸುಳಿವು ದೊರೆತದ್ದು ಯಂತ್ರದಿಂದಲ್ಲ, ನಾಲಗೆಯಿಂದ. ದೊರೆತವನಿಗೂ ನಮ್ಮ ನಾಡಿಗೂ ನಂಟಿದೆ. ಟಿಪ್ಪುವಿನ ಪತನಾನಂತರ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನ್ ಎಂಬ ಕಂಪನಿ ಸರಕಾರದ ಸಸ್ಯಜ್ಞನು, ಕಾಡುಬಸಳೆಯ ಎಲೆಯನ್ನು ಬೆಳಗ್ಗೆ ಅಗಿದರೆ ಹುಳಿಯಾಗಿಯೂ, ನಡುಹಗಲಿಗೆ ಸಪ್ಪೆಯಾಗಿಯೂ, ಸಂಜೆಯ ವೇಳೆಗೆ ಕಹಿಯಾಗಿಯೂ ಇರುವುದನ್ನು ಕಂಡು ಪತ್ರ ಬರೆದನು. ಆ ಪತ್ರವು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ದಿನವಿಡೀ ಒಂದೇ ಎಲೆಯನ್ನು ರುಚಿ ನೋಡುತ್ತ ಕೂಡಬಲ್ಲ ಮನುಷ್ಯನ ಮೇಲೆ ನನಗೆ ಮೊದಲಿನಿಂದಲೂ ಗೌರವ.

ಕಿರಿಯರು: ಹಾಗಾದರೆ ಒಣಬೇಸಾಯದ ಈ ನಾಡಿನಲ್ಲಿ ಇಂಥ ಬಳ್ಳಿಗಳೇ ತಾವಾಗಿ ಬೆಳೆದಿರಬೇಕಲ್ಲ? ನಾನು ದೂರದಿಂದ ತರಿಸುತ್ತ ಕುಳಿತಿದ್ದೇನೆ.

ಹಿರಿಯರು: ಬೆಳೆದಿವೆ, ನಿನ್ನ ಕಣ್ಣಿನ ಮುಂದೆಯೇ ಇವೆ. ಈ ಮಂಗರವಳ್ಳಿಯನ್ನೇ ನೋಡು. ನಾಲ್ಕು ಏಣು ತಳೆದು ಗೆಣ್ಣುಗೆಣ್ಣಾಗಿ ಸಾಗುವ ಈ ಕಾಂಡವನ್ನು, ಎಳೆಯದಿರುವಾಗ ಮುರಿದು, ಕೈಗೆ ಎಣ್ಣೆ ಸವರಿಕೊಂಡು ನಾರು ತೆಗೆದು ಚಟ್ನಿ ಅರೆಯುವುದನ್ನು ನಿನ್ನ ಅಜ್ಜಿ ಬಲ್ಲಳು. ಎಣ್ಣೆಯಿಲ್ಲದೆ ಮುಟ್ಟಿದರೆ ಅದರೊಳಗಿನ ಸೂಕ್ಷ್ಮ ಹರಳುಗಳು ತುರಿಸುವುದನ್ನು ನೀನು ಬಲ್ಲೆ. ಮುರಿದ ಎಲುಬಿಗೆ ವೈದ್ಯರು ಇದನ್ನು ಕೊಡುತ್ತ ಬಂದುದರಿಂದ ಸಂಸ್ಕೃತದಲ್ಲಿ ಅಸ್ಥಿಸಂಹಾರವೆನಿಸಿತು. ಆದರೆ ಇದಕ್ಕೆ ಹೂವಿದೆಯೆಂದು ನಮ್ಮೂರಿನಲ್ಲಿ ಎಷ್ಟು ಜನ ನೋಡಿದ್ದಾರೆ? ಗೆಣ್ಣಿನ ಬಳಿ ನಾಲ್ಕೇ ಎಸಳಿನ ಕಿರುಹೂಗಳ ಸಣ್ಣ ಗುಚ್ಛ, ಬಳಿಕ ಒಂಟಿ ಬೀಜದ ಕೆಂಪು ಹಣ್ಣು. ದ್ರಾಕ್ಷಿಯ ಕುಟುಂಬದ್ದೆಂದರೆ ನಂಬುವವರು ಕಡಮೆ.

ಕಿರಿಯರು: ಅದನ್ನು ಸಂಗ್ರಹವೆಂದು ತೋರಿಸಿದರೆ ಬಂದವರು ನಗುವರು.

ಹಿರಿಯರು: ನಗಲಿ. ಇನ್ನು ಹಂಬುಕಳ್ಳಿಯನ್ನು ತೆಗೆದುಕೋ. ಎಲೆಯೇ ಇಲ್ಲದ, ಪೆನ್ಸಿಲ್ಲಿನಷ್ಟು ದಪ್ಪನೆಯ ಹಸುರು ಕಡ್ಡಿಗಳ ಜಡೆ. ಬಂಡೆಯ ಮೇಲಿಂದ ಇಳಿಬಿದ್ದಿರುತ್ತದೆ, ಮುರಿದರೆ ಹಾಲು. ಗೆಣ್ಣುಗಳಲ್ಲಿ ಬಿಳಿಯ ಹೂಗಳ ಗೊಂಚಲು ಬಿಟ್ಟಾಗ ಅದರ ಸುವಾಸನೆಯಿಂದ ಬಳ್ಳಿ ಎಲ್ಲಿದೆಯೆಂದು ಹುಡುಕಬಹುದು. ಇದನ್ನೇ ಸೋಮಲತೆಯೆಂದು ದಕ್ಷಿಣದ ಯಾಗಗಳಲ್ಲಿ ಬಳಸುವುದುಂಟು. ವೇದಕಾಲದ ಸೋಮವು ಇದೇ ಹೌದೋ ಅಲ್ಲವೋ ಎಂಬ ವಾದವು ಇನ್ನೂ ಮುಗಿದಿಲ್ಲ. 1968ರಲ್ಲಿ ಗೋರ್ಡನ್ ವಾಸನ್ ಎಂಬ ಅಮೆರಿಕದ ವಿದ್ವಾಂಸನು ಅದೊಂದು ಅಣಬೆಯೆಂದೇ ಗ್ರಂಥ ಬರೆದನು. ನನಗೆ ಅದಕ್ಕಿಂತ ಹಿತವೆನಿಸಿದ್ದು ಮುಂಬಯಿ ಪ್ರಾಂತದ ಹಳೆಯ ಸಸ್ಯಗ್ರಂಥಗಳಲ್ಲಿ ಬರುವ ಒಕ್ಕಲುತನದ ಉಪಾಯ: ಕಬ್ಬಿನ ಹೊಲಕ್ಕೆ ಗೆದ್ದಲು ಹತ್ತಿದರೆ, ಬಾವಿಯ ನೀರು ಹರಿದುಹೋಗುವ ದೋಣಿಯಲ್ಲಿ ಈ ಬಳ್ಳಿಯ ಒಂದು ಹೊರೆಯನ್ನೂ ಉಪ್ಪಿನ ಒಂದು ಚೀಲವನ್ನೂ ಇಟ್ಟು, ನೀರು ಅವುಗಳನ್ನು ತೋಯಿಸಿಕೊಂಡು ಹೊಲಕ್ಕೆ ಹೋಗುವಂತೆ ಮಾಡುತ್ತಿದ್ದರಂತೆ.

ಕಿರಿಯರು: ತಾವು ಹೇಳುವ ಎರಡೂ ನನಗೆ ಪರಿಚಿತವೇ, ಆದಕಾರಣ ಆಸೆ ಹುಟ್ಟಿಸುವುದಿಲ್ಲ. ಆದರೆ ಆಸೆ ಹುಟ್ಟಿಸಿದ ಒಂದನ್ನು ಹೋದ ಸೋಮವಾರ ಕಂಡೆ. ಗಜೇಂದ್ರಗಡದ ಕಾಲಕಾಲೇಶ್ವರನ ದರ್ಶನ ಮುಗಿಸಿಕೊಂಡು, ಗುಡ್ಡದ ಮಗ್ಗುಲಲ್ಲಿ ಗಾಳಿಯಂತ್ರಗಳ ಕಡೆಗೆ ಹತ್ತುತ್ತಿದ್ದಾಗ, ಕಳ್ಳಿಯ ಮೆಳೆಯೊಂದರೊಳಗಿಂದ ದಾರದಂಥ ಬಳ್ಳಿ ಮೇಲೆ ಬಂದಿತ್ತು. ಎಲೆ ಕೊಂಚ ದಪ್ಪ. ಹೂವಂತೂ ನಾನು ಇದುವರೆಗೆ ಕಂಡ ಯಾವ ಹೂವಿನಂತೆಯೂ ಇರಲಿಲ್ಲ: ಬುಡದಲ್ಲಿ ಉಬ್ಬಿ, ನಡುವೆ ಬಿಳಿಹಸುರಿನ ಸಪೂರ ನಳಿಗೆಯಾಗಿ, ಮೇಲೆ ಕಡುನೇರಳೆಯ ಐದು ಎಸಳುಗಳು ಬಿರಿಯದೆ ತುದಿತುದಿ ಕೂಡಿಕೊಂಡು ಪುಟ್ಟ ಕಂದೀಲಿನಂತೆ ನಿಂತಿತ್ತು.

ಹಿರಿಯರು: ಸೆರೋಪೀಜಿಯಾ! ಬಹುಮಟ್ಟಿಗೆ ಬಲ್ಬೋಸಾ ಎಂಬ ಪ್ರಭೇದವೇ ಇರಬೇಕು. ಒಣಸೀಮೆಯ ಕಳ್ಳಿಮೆಳೆಗಳಲ್ಲಿ ಅಡಗಿ ಬೆಳೆಯುವುದು ಅದರ ಸ್ವಭಾವ. ವಿಲಿಯಂ ರಾಕ್ಸ್‌ಬರ್ಗನು ಕೋರಮಂಡಲ ತೀರದ ಸಸ್ಯಗಳ ಗ್ರಂಥದಲ್ಲಿ 1795ರಲ್ಲಿ ಅದನ್ನು ವರ್ಣಿಸಿ ಚಿತ್ರ ಕೊಟ್ಟಿದ್ದಾನೆ. ಎಲೆ ದುಂಡಗಿತ್ತೋ, ಸೂಜಿಯಂತೆ ನೀಳವಾಗಿತ್ತೋ?

ಕಿರಿಯರು: ದುಂಡಗಿತ್ತು. ಏಕೆ?

ಹಿರಿಯರು: ಒಂದೇ ಪ್ರಭೇದದಲ್ಲಿ ಎರಡೂ ಬಗೆಯಿವೆ; ನೀಳ ಎಲೆಯದನ್ನು ಹಿಂದೆ ಬೇರೆ ಪ್ರಭೇದವೆಂದೇ ಎಣಿಸಿದ್ದರು. ಒಳಗೆ ಇಣುಕಿ ನೋಡಿದೆಯಾ?

ಕಿರಿಯರು: ಇಣುಕಲಿಲ್ಲ. ಅಗೆಯುವುದಕ್ಕೆ ಕೋಲು ಹುಡುಕುತ್ತಿದ್ದೆ.

ಹಿರಿಯರು: ಕೋಲಿನ ವಿಚಾರ ಆಮೇಲೆ. ಮೊದಲು ಒಳಗಿನದನ್ನು ಕೇಳು, ಏಕೆಂದರೆ ಅದನ್ನು ಅರಿತವನ ಕೈ ಕೋಲಿಗೆ ಅಷ್ಟು ಬೇಗ ಹೋಗುವುದಿಲ್ಲ. ಆ ಹೂವು ಒಂದು ಸೆರೆಮನೆ. ಎಸಳುಗಳ ನಡುವಣ ಕಿಂಡಿಗಳಿಂದ ಸೂಸುವ ವಾಸನೆಯನ್ನು ಹಿಡಿದು ಎಳ್ಳುಕಾಳಿಗಿಂತ ಚಿಕ್ಕದಾದ ನೊಣಗಳು ಬರುತ್ತವೆ. ಒಳಗೆ ಕಾಲಿಟ್ಟರೆ ಗೋಡೆ ಜಾರುತ್ತದೆ. ನಳಿಗೆಯ ಒಳಮೈಯ ರೋಮಗಳೆಲ್ಲ ಕೆಳಮುಖವಾಗಿರುವುದರಿಂದ ಇಳಿಯುವ ದಾರಿಯಿದೆಯೇ ಹೊರತು ಏರುವ ದಾರಿಯಿಲ್ಲ. ತಳದ ಉಬ್ಬಿದ ಕೋಣೆಗೆ ಬಿದ್ದ ನೊಣವು ಅಲ್ಲಿಯ ಜೇನನ್ನು ಹೀರಲು ಮೂತಿಯನ್ನು ಚಾಚಿದಾಗ, ಸಂದಿಯಲ್ಲಿ ಹೊಂಚಿಕೊಂಡಿರುವ ಪರಾಗದ ಜೋಡಿಗಂಟು ಅದರ ಮೂತಿಗೆ ಚಿಮಟಿಗೆಯಂತೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಪರಾಗವು ಹಿಟ್ಟಿನಂತೆ ಉದುರುವ ಪದಾರ್ಥವಲ್ಲ. ಎಕ್ಕ, ಹೋಯಾ, ಹಂಬುಕಳ್ಳಿ, ಸೆರೋಪೀಜಿಯಾ, ಈ ಬಳಗದ ಎಲ್ಲದರಲ್ಲಿಯೂ ಅದು ಗಂಟುಗಂಟಾಗಿರುತ್ತದೆ. ಸಿಕ್ಕಿದರೆ ಇಡಿಯಾಗಿ ಸಿಗಬೇಕು, ಇಲ್ಲವಾದರೆ ಇಲ್ಲ. ಒಂದು ದಿನವೋ ಅದಕ್ಕಿಂತ ಕೊಂಚ ಹೆಚ್ಚೋ ಸೆರೆಯಲ್ಲಿಟ್ಟುಕೊಂಡ ಮೇಲೆ ಹೂವಿನ ಆ ರೋಮಗಳು ತಾವೇ ಬಾಡಿ, ನೆಟ್ಟಗಿದ್ದ ಹೂವು ಬಾಗಿ, ನೊಣವು ಹೊರಬೀಳುತ್ತದೆ. ಹೊರಬಿದ್ದು ಬುದ್ಧಿ ಕಲಿಯದೆ ಮತ್ತೊಂದು ಹೂವಿನೊಳಗೆ ಬೀಳುವುದರಿಂದಲೇ ಬಳ್ಳಿಯ ವಂಶ ಉಳಿದಿದೆ.

ಕಿರಿಯರು: ಯಾವ ವಾಸನೆಗೆ ಅವು ಅಷ್ಟು ಮರುಳಾಗುವುದು? ನನ್ನ ಮೂಗಿಗೆ ಏನೂ ತೋರಲಿಲ್ಲ.

ಹಿರಿಯರು: ನಿನಗಾಗಿ ಸೂಸಿದ ವಾಸನೆಯಲ್ಲ ಅದು. ನಿನ್ನ ಬಳ್ಳಿಯದನ್ನು ಹೇಳಲಾರೆ. ಆದರೆ ದಕ್ಷಿಣ ಆಫ್ರಿಕದಲ್ಲಿ ಇದರದೇ ಕುಲದ, ಸ್ಯಾಂಡರ್ಸೋನಿಯೈ ಎಂಬ ದಪ್ಪಕಾಂಡದ ಬಳ್ಳಿಯೊಂದಿದೆ, ಅದರ ಹೂವಿನ ತಲೆ ಕೊಡೆಯ ಆಕಾರದ್ದು. ಜೇಡನ ಹಿಡಿತಕ್ಕೆ ಸಿಕ್ಕ ಜೇನುಹುಳುವು ನೋವಿನಲ್ಲಿ ಹೊರಸೂಸುವ ಗಂಧವನ್ನೇ ಆ ಹೂವು ಅನುಕರಿಸುವುದೆಂದೂ, ಜೇಡನ ಊಟದಲ್ಲಿ ಪಾಲಿಗೆ ಬರುವ ಪುಟ್ಟ ನೊಣಗಳು ಸಾಯುತ್ತಿರುವ ಜೇನುಹುಳುವಿದೆಯೆಂದು ಧಾವಿಸಿ ಮೋಸಹೋಗುವುವೆಂದೂ 2016ರಲ್ಲಿ ಯುರೋಪಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಹೂವೆಂದೊಡನೆ ಕೋಮಲತೆ, ಪರಿಮಳ, ಪ್ರಣಯ ಎಂದು ಬರೆಯುವ ನಮ್ಮ ಕವಿಗಳು ಈ ವರದಿಯನ್ನು ಒಮ್ಮೆ ಓದಬೇಕು. ಆ ಪರಾಗದ ಗಂಟುಗಳ ಮರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಅರಸುತ್ತಿದ್ದವನು ರಾಬರ್ಟ್ ಬ್ರೌನ್. 1810ರಲ್ಲಿ ಹೋಯಾ ಎಂಬ ಕುಲಕ್ಕೆ, ಥಾಮಸ್ ಹೋಯ್ ಎಂಬ ತೋಟಗಾರನ ಗೌರವಾರ್ಥವಾಗಿ, ಹೆಸರಿಟ್ಟವನೂ ಅವನೇ. 1831ರಲ್ಲಿ ಸೀತೆದಂಡೆಯ ಬಳಗವನ್ನೂ ಎಕ್ಕದ ಬಳಗವನ್ನೂ ಕುರಿತು ಓದಿದ ಪ್ರಬಂಧದಲ್ಲಿಯೇ ಅವನು ಜೀವಕೋಶದ ನಡುವಣ ಕೇಂದ್ರವನ್ನು ಗುರುತಿಸಿ ಹೆಸರಿಸಿದ್ದು. ಇಂದು ಶಾಲೆಯ ಹುಡುಗರು ಬಾಯಿಪಾಠ ಮಾಡುವ ಆ ಕೋಶಕೇಂದ್ರವು ಇಂಥ ಬಳ್ಳಿಗಳ ಬೆನ್ನುಹತ್ತಿದವನಿಗೆ ದಾರಿಯಲ್ಲಿ ದೊರೆತದ್ದು.

ಕಿರಿಯರು: ಇಷ್ಟೆಲ್ಲ ಕೇಳಿದ ಮೇಲೆ ಆಸೆ ಇಮ್ಮಡಿಯಾಯಿತೇ ಹೊರತು ತಗ್ಗಲಿಲ್ಲ. ಅಗೆದು ತಂದರೆ ತಪ್ಪೇನು? ಆ ಬಳ್ಳಿಯ ಬುಡದ ಗಡ್ಡೆಯನ್ನು ಕುರಿಗಾಹಿಗಳು ಅಗೆದು ತಿನ್ನುತ್ತಲೇ ಬಂದಿದ್ದಾರೆ. ಅವರಿಗಿಲ್ಲದ ತಪ್ಪು ನನಗೆ ಹೇಗೆ ಬಂತು?

ಹಿರಿಯರು: ಕುರಿಗಾಹಿಯು ಹಸಿವಿಗಾಗಿ ಅಗೆಯುತ್ತಾನೆ, ಹೊಟ್ಟೆ ತುಂಬಿದಲ್ಲಿ ಕೈ ಬಿಡುತ್ತಾನೆ, ಅವನಿಗೆ ಸುಲಭವಾಗಿ ಸಿಗುವ ಗಡ್ಡೆಯೇ ಸವಿಯಾದದ್ದು. ಸಂಗ್ರಾಹಕನ ಹಸಿವು ಇದಕ್ಕೆ ವಿಪರೀತ: ಯಾವುದು ಎಲ್ಲಕ್ಕಿಂತ ವಿರಳವೋ ಅದನ್ನೇ ಅದು ಮೊದಲು ಅರಸುತ್ತದೆ, ಸಿಕ್ಕಿದಷ್ಟೂ ಬೆಳೆಯುತ್ತದೆ. 950ರ ಸುಮಾರಿನಲ್ಲಿ ಪದ್ಮಬ್ಬರಸಿಯು ನಮ್ಮೂರಿನಲ್ಲಿ ಕಟ್ಟಿಸಿದ ಬಸದಿಯನ್ನು ನೀನು ಮೆಚ್ಚುತ್ತೀ; ಮೆಚ್ಚಿದೆನೆಂದು ಅದರ ಕಂಬವೊಂದನ್ನು ನಿನ್ನ ಪಡಸಾಲೆಗೆ ಸಾಗಿಸಿದರೆ ಊರವರು ಏನೆಂದಾರು? ಅದೂ ಅಲ್ಲದೆ, ಆ ಗಡ್ಡೆಯು ಕಲ್ಲುಗಳ ಸಂದಿನಲ್ಲಿ ಆಳವಾಗಿರುತ್ತದೆ. ದಾರದಂಥ ಕಾಂಡ ನಡುವೆಯೇ ಹರಿದು, ನಿನ್ನ ಕೈಗೆ ಹೂವಿನ ಬಳ್ಳಿ, ನೆಲದಲ್ಲಿ ಗಾಯಗೊಂಡ ಗಡ್ಡೆ, ಎರಡೂ ಕೆಟ್ಟವು.

ಕಿರಿಯರು: ಬಸದಿಯ ಕಂಬ ತಾನಾಗಿ ನಿಂತಿರುತ್ತದೆ, ಮಾಸ್ತರರೇ. ಬಳ್ಳಿ ಹಾಗಲ್ಲ. ಆಡು ಮೇಯುತ್ತದೆ, ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದೆ, ಕಲ್ಲು ಒಡೆಯುವವರು ಬರುತ್ತಾರೆ, ಗಾಳಿಯಂತ್ರಕ್ಕೆ ದಾರಿ ಮಾಡುವ ಯಂತ್ರ ಒಂದು ಮಧ್ಯಾಹ್ನದಲ್ಲಿ ನೂರು ಮೆಳೆಗಳನ್ನು ಒರಸಿಹಾಕುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ. ಒಂದು ಗಡ್ಡೆಯನ್ನು ಉಳಿಸಿಕೊಳ್ಳುವೆನೆಂಬ ನನಗೆ ಮಾತ್ರ ಬಸದಿಯ ಉಪಮೆ.

ಹಿರಿಯರು: ಒಪ್ಪಿದೆ. ಈ ಮಾತಿಗೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಕಪ್ಪತಗುಡ್ಡದಲ್ಲಾದರೋ 2019ರಿಂದ ವನ್ಯಜೀವಿಧಾಮವೆಂಬ ಬೇಲಿಯಿದೆ, ಅದರೊಳಗಿಂದ ಅನುಮತಿಯಿಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧ. ಅದಾದರೂ ಗದುಗಿನ ಮಠಾಧೀಶರು, ರೈತರು, ಪೇಟೆಯ ಜನ ಎಲ್ಲ ಸೇರಿ ವರುಷಗಟ್ಟಲೆ ಹಟ ಹಿಡಿದುದರ ಫಲ. ನಮ್ಮ ಕಡೆಯ ಗುಡ್ಡಗಳಿಗೆ ಅಂಥ ಹೆಸರಿಲ್ಲ. ಯಂತ್ರ ಬರುವುದು ನಿಶ್ಚಯವಾದ ಜಾಗದಿಂದ ಗಡ್ಡೆಯನ್ನು ಎತ್ತುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಬಂದೀತೆಂಬ ನೆವದಿಂದ ಎತ್ತುವವನ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತೇನೆ. ಬೇರೊಂದು ದಾರಿಯಿರುವಾಗ ಕೋಲೇಕೆ? ಆ ಬಳ್ಳಿಗೆ ಜೋಡಿಜೋಡಿಯಾಗಿ ಸಪೂರವಾದ ಕಾಯಿಗಳು ಬರುತ್ತವೆ. ಬಲಿತು ಬಿರಿದರೆ, ರೇಷ್ಮೆಯ ಜುಟ್ಟು ಹೊತ್ತ ಬೀಜಗಳು ಗಜೇಂದ್ರಗಡದ ಗಾಳಿಗೆ ಎಲ್ಲಿ ಹೋದಾವೋ ಹೇಳಲಾಗದು. ಬಿರಿಯುವ ಮುನ್ನ ತೆಳುವಾದ ಮಲ್ ಬಟ್ಟೆಯ ಚೀಲವನ್ನು ಒಂದು ಕಾಯಿಗೆ, ಒಂದಕ್ಕೇ, ಕಟ್ಟಿ ಬಾ. ಉಳಿದವು ಗುಡ್ಡಕ್ಕೆ. ಬೀಜವನ್ನು ಹಳತಾಗಲು ಬಿಡದೆ, ಎರೆಯಲ್ಲಲ್ಲ, ಮಸಾರಿಗೆ ಗರಸು ಬೆರೆಸಿದ ತಟ್ಟೆಯಲ್ಲಿ ಮೇಲೆಮೇಲೆ ಉದುರಿಸು. ಮಳೆಗಾಲ ಕಳೆದು ಬಳ್ಳಿ ಒಣಗಿತೆಂದು ಬಿಸಾಡಬೇಡ. ಗಡ್ಡೆ ನಿದ್ರಿಸುತ್ತದೆ, ಆಗ ನೀರು ಹೊಯ್ದರೆ ಕೊಳೆಯುತ್ತದೆ. ಮುಂದಿನ ಮುಂಗಾರು ಅದನ್ನು ಎಬ್ಬಿಸಲಿ.

ಕಿರಿಯರು: ಹೀಗೆ ಬೆಳೆದು ಯಶಸ್ಸು ಕಂಡವರಿದ್ದಾರೆಯೇ?

ಹಿರಿಯರು: ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿಯೇ ಇದ್ದಾರೆ. ಶಿವಾಜಿ ವಿಶ್ವವಿದ್ಯಾನಿಲಯದ ಪ್ರೊ. ಎಸ್. ಆರ್. ಯಾದವರೂ ಅವರ ಶಿಷ್ಯರೂ ಘಟ್ಟದ ಸೆರೋಪೀಜಿಯಾಗಳನ್ನು ಅರಸಿ, ತೋಟದಲ್ಲಿ ಬೆಳೆಸಿ ಹೆಚ್ಚಿಸಿ, ಮರಳಿ ಕಾಡಿಗೂ ಮುಟ್ಟಿಸಿದ್ದಾರೆ. ಭಾರತದಲ್ಲಿ ಈ ಕುಲದ ಪ್ರಭೇದಗಳು 50ಕ್ಕೂ ಮಿಕ್ಕಿವೆ. ಅವುಗಳಲ್ಲಿ ಬಹಳಷ್ಟು ಪಶ್ಚಿಮ ಘಟ್ಟಗಳ ಒಂದೆರಡು ಬೆಟ್ಟಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದವು. ನಮ್ಮ ಉತ್ತರ ಕನ್ನಡದಲ್ಲಿ ದೊರೆತ ಮಾದರಿಗಳಿಂದ ಸೆಜ್‌ವಿಕ್ ಎಂಬ ಸಿವಿಲ್ ಅಧಿಕಾರಿಯು ಫ್ಯಾಂಟಾಸ್ಟಿಕಾ ಎಂದು ಹೆಸರಿಟ್ಟ ಬಳ್ಳಿಯು ಹಾಗೆಯೇ ಬಹುಕಾಲ ಕಣ್ಮರೆಯಾಗಿದ್ದು, ಬಳಿಕ ಗೋವೆಯ ಕಡೆಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಕಿರಿಯರು: ಹಾಗಾದರೆ ಬೀಜದಿಂದ ನಾನು ನೂರು ಸಸಿ ಮಾಡಿದೆನೆನ್ನಿ, ಮಾರಬಹುದಷ್ಟೆ? ಪಟ್ಟಣದವರು ಹೃದಯದಾಕಾರದ ಎಲೆಯ ಆಫ್ರಿಕದ ಸೆರೋಪೀಜಿಯಾಕ್ಕೆ ಸುರಿಯುವ ಹಣವನ್ನು ನೋಡಿದರೆ, ನಮ್ಮ ಗುಡ್ಡದ್ದಕ್ಕೂ ಬೆಲೆ ಬಂದೀತು. ಸಸಿ ಅಗ್ಗವಾಗಿ ಸಿಕ್ಕರೆ ಗುಡ್ಡ ಹತ್ತಿ ಅಗೆಯುವವನಾದರೂ ಯಾರು?

ಹಿರಿಯರು: ಅಥವಾ ಬೆಲೆ ಇದೆಯೆಂದು ತಿಳಿದವನು ಸಸಿ ಬೆಳೆಯುವ ಮೂರು ವರ್ಷದ ಕಷ್ಟವನ್ನು ಉಳಿಸಿಕೊಳ್ಳಲು ನೇರವಾಗಿ ಗುಡ್ಡಕ್ಕೇ ಹೋದಾನು. ಇದುವರೆಗೆ ಆ ಬಳ್ಳಿಯನ್ನು ಕಾಪಾಡಿದ್ದು ಅದರ ಬೆಲೆ ಯಾರಿಗೂ ತಿಳಿಯದಿದ್ದುದೇ. ಮಾರಬೇಡ, ಸಸಿಗೆ ಸಸಿ ಬದಲಾಯಿಸು. ಎಲ್ಲಿ ಕಂಡೆನೆಂಬುದನ್ನು ಮಾತ್ರ ಯಾರಿಗೂ ಹೇಳಬೇಡ.

ಕಿರಿಯರು: ತಮಗೇ ಹೇಳಿಬಿಟ್ಟೆನಲ್ಲ.

ಹಿರಿಯರು: ನನ್ನ ಮೊಳಕಾಲುಗಳು ಆ ಗುಡ್ಡ ಹತ್ತಲಾರವು, ನನ್ನಿಂದ ಭಯವಿಲ್ಲ.

ಕಿರಿಯರು: ಬದಲಾವಣೆಯ ವ್ಯಾಪಾರದಲ್ಲಿ ಕುಂಡದ ಖರ್ಚೂ ಗಿಟ್ಟದು, ಮಾಸ್ತರರೇ.

ಹಿರಿಯರು: ಕುಂಡದ ಬೆಲೆಯನ್ನು ತೆಗೆದುಕೋ, ಬಳ್ಳಿಯದನ್ನು ಬೇಡ.

ಕಿರಿಯರು: ಕುಂಬಾರನ ಲೆಕ್ಕ ನನಗೆ ಕಲಿಸುತ್ತಿದ್ದೀರಿ, ಒಪ್ಪಿದೆನೆಂದು ತಿಳಿಯಬೇಡಿರಿ. ಕಾಯಿ ಬಲಿಯುವುದಕ್ಕೆ ಇನ್ನೂ ಸಮಯವಿದೆ, ಅಷ್ಟರೊಳಗೆ ಬೆಲೆಯ ವಿಷಯದಲ್ಲಿ ಮತ್ತೊಮ್ಮೆ ಬಂದು ಜಗಳವಾಡು‌ತ್ತೇನೆ. ಈಗ ಅಮ್ಮನವರಲ್ಲಿ ಕೇಳಿ ಒಂದು ಗೇಣು ಹಳೆಯ ಮಲ್ ಬಟ್ಟೆಯನ್ನು ಕೊಡಿಸಿರಿ.